ನೆಟ್ ಇದ್ದ ಗೋಲು

ಅಮೆರಿಕದ ನಮ್ಮ ಊರಿನಲ್ಲಿ, ಕ್ರಾಸ್‌ರೋಡ್ಸ್ ಮಾಲ್ ಹತ್ತಿರದ ಶಾಲೆಯ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಫುಟ್ಬಾಲ್ ಆಡುತ್ತಿದ್ದ ನಾವು ಹನ್ನೊಂದು ಜನರೂ ಒಂದೇ ಕಂಪನಿಯ ಗುತ್ತಿಗೆ ನೌಕರರು. ಬಾತುಗಳ ಹಿಕ್ಕೆ ತುಳಿಯದಂತೆ ಓಡಬೇಕು; ಎರಡು ಬ್ಯಾಗ್ ಇಟ್ಟರೆ ಅದೇ ಗೋಲು. ಚೆಂಡು ಒಳಗೆ ಹೋಯಿತೆಂದರೆ ಇಳಿಜಾರಿನಲ್ಲಿ ಉರುಳಿ ರಸ್ತೆ ಮುಟ್ಟುತ್ತಿತ್ತು. ತರಲು ಓಡುತ್ತಿದ್ದವರು ನಮ್ಮ ಗೋಲ್‌ಕೀಪರ್, ಹುಬ್ಬಳ್ಳಿಯ ಅಣ್ಣ. ಮೊದಲು ಹೊಟ್ಟೆ, ಅದರ ಹಿಂದೆ ಅಣ್ಣ.

ಒಮ್ಮೆ ಅದೇ ಕಂಪನಿಯ ಖಾಯಂ ನೌಕರರ ತಂಡ ನಮ್ಮನ್ನು ಭಾನುವಾರದ ಪಂದ್ಯಕ್ಕೆ ಕರೆಯಿತು. ಅವರ ಎದುರಾಳಿಗಳು ಕೈಕೊಟ್ಟಿದ್ದರು. ಕಂಪನಿಯ ಮೈದಾನ, ನಿಜವಾದ ಹುಲ್ಲು, ನೆಟ್ ಕಟ್ಟಿದ ಗೋಲು. ಮಾಲ್‌ನಲ್ಲಿ ಕಾಫಿ ಹಿಡಿದು, ಹೋಗಬೇಕೋ ಬೇಡವೋ ಎಂಬ ಚರ್ಚೆಗೆ ಕೂತೆವು. ಕಾಲೇಜಿನಲ್ಲಿ ಡಿಬೇಟ್ ಕಪ್‌ಗಳನ್ನು ಮನೆಗೆ ತಂದವಳು ನಾನು, ಬಿಡುತ್ತೇನೆಯೇ?

“ವಾರ ಪೂರ್ತಿ ಅವರ ಜಿಮ್‌ಗೆ ನಮ್ಮನ್ನ ಬಿಡಲ್ಲ. ಈಗ ಟೀಮ್ ಸಿಗ್ಲಿಲ್ಲ ಅಂತ ಕರೀತಾರೆ. ನಾವೇನು ಸ್ಟೆಪ್ನಿನಾ?”

ಆಮೇಲೆ ಇತಿಹಾಸ ತೆಗೆದೆ. ಎರಡು ಮಹಾಯುದ್ಧಗಳ ನಡುವೆ ಜರ್ಮನಿಯ ಕಾರ್ಮಿಕರು ತಮ್ಮದೇ ಕ್ಲಬ್, ತಮ್ಮದೇ ಲೀಗ್ ಕಟ್ಟಿಕೊಂಡಿದ್ದರು. ಧಣಿಗಳ ಕ್ಲಬ್‌ಗಳ ಜೊತೆ ಆಡುತ್ತಿರಲಿಲ್ಲ.

“ಆಮ್ಯಾಲ?” ಎಂದರು ಅಣ್ಣ.

“ಆಮೇಲೆ ಅವರಲ್ಲೇ ಜಗಳ ಆಯ್ತು. ಸೋಷಿಯಲ್ ಡೆಮಾಕ್ರಾಟರು ಕಮ್ಯುನಿಸ್ಟರನ್ನ ಹೊರಗೆ ಹಾಕಿದ್ರು, ಅವರು ಬೇರೆ ಲೀಗ್ ಮಾಡ್ಕೊಂಡ್ರು.”

“ಅಂದ್ರ ಧಣಿಗಳ ಜೋಡಿ ಆಡಂಗಿಲ್ಲ, ತಮ್ಮ ತಮ್ಮೊಳಗೂ ಆಡಂಗಿಲ್ಲ. ಕಡೀಗೆ ಆಡಿದ್ದರ ಯಾರ ಜೋಡಿ, ತಂಗಿ?”

ಎಲ್ಲರೂ ನಕ್ಕರು. ಕಡೆಗೆ ಸರ್ವಾಧಿಕಾರ ಬಂದು ಎರಡೂ ಲೀಗ್‌ಗಳನ್ನು ಮುಚ್ಚಿಸಿತು ಎಂಬುದನ್ನು ನಾನು ಹೇಳಲಿಲ್ಲ. ನನ್ನ ವಾದಕ್ಕೆ ಅದರಿಂದ ಉಪಯೋಗವಿರಲಿಲ್ಲ.

“ಇಲ್ಲಿ ಗುತ್ತಿಗಿ ಮುಗೀತು, ಮುಂದಿನ ವಾರ ನಾ ಒಹಾಯೊಕ್ಕ ಬ್ಯಾರೆ ಕೆಲಸಕ್ಕ ಹೊಂಟೀನಿ. ಒಮ್ಮೆರ ನೆಟ್ ಇರೋ ಗೋಲಿನಾಗ ನಿಂದರಬೇಕಂತ ಆಸೆ ಐತ್ರಪಾ, ಅಷ್ಟ,” ಎಂದರು ಅಣ್ಣ.

ಅದು ಭಾವನಾತ್ಮಕ ವಾದ, ತರ್ಕವಲ್ಲ ಎಂದೆ. ಕೈ ಎತ್ತಿಸಿದೆವು. ಆರು-ಐದರಲ್ಲಿ ನಾನು ಗೆದ್ದೆ: ಹೋಗುವುದಿಲ್ಲ.

ಆದರೂ ಭಾನುವಾರ ಅಣ್ಣ ಮತ್ತು ಅವರ ಪರ ಕೈ ಎತ್ತಿದ್ದ ನಾಲ್ವರು ಕಂಪನಿ ಮೈದಾನಕ್ಕೆ ಹೋದರು. ಗೆದ್ದ ನಾವು ಆರು ಜನ ಬಾತುಗಳ ನಡುವೆ ನಿಂತೆವು. ಗೋಲ್‌ಕೀಪರ್ ಇಲ್ಲ. ನಾನು ಒದ್ದ ಮೊದಲ ಚೆಂಡೇ ಬ್ಯಾಗ್‌ಗಳ ನಡುವೆ ನುಸುಳಿ ಇಳಿಜಾರು ಹಿಡಿಯಿತು. ಯಾರೂ ಕದಲಲಿಲ್ಲ. ನಾನೇ ಓಡಿದೆ. ಏದುಸಿರು ಬಿಡುತ್ತಾ ಹತ್ತಿ ಬರುವಾಗ, ಇಷ್ಟು ದಿನ ಈ ದಿಬ್ಬವನ್ನು ಹತ್ತಿದವರು ಯಾರೆಂದು ನೆನಪಾಯಿತು.

“ಕಾರ್ ತೆಗೀರೋ,” ಎಂದೆ.

ನಾವು ತಲುಪಿದಾಗ ಹನ್ನೊಂದು ಜನರ ಎದುರು ಐವರು ಆಡುತ್ತಿದ್ದರು, ನೋಡಲು ಸಂಕಟವಾಗುವಂತೆ. ಆದರೂ ಅಣ್ಣ ಒಂದೂ ಗೋಲು ಬಿಟ್ಟಿರಲಿಲ್ಲ.

“ಬಂದ್ಯಾ ತಂಗಿ? ಭಾಷಣ ಆಮ್ಯಾಲ ಮಾಡುವಂತಿ, ಇಲ್ಲಿ ಎಡಕ್ಕ ನಿಂದ್ರು!”

ನಿಂತೆ. ಎರಡೇ ನಿಮಿಷದಲ್ಲಿ ಒಬ್ಬ ನನ್ನನ್ನು ದಾಟಿ ಹೊಡೆದ. ಚೆಂಡು ನೆಟ್‌ಗೆ ಬಡಿದು ಅಲ್ಲೇ ಬಿತ್ತು. ಅಣ್ಣ ಅಭ್ಯಾಸಬಲದಿಂದ ಚೆಂಡು ತರಲು ನಾಲ್ಕು ಹೆಜ್ಜೆ ಓಡಿ, ತಿರುಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದರು.

“ನೋಡ ತಂಗಿ, ಎಲ್ಲೂ ಹೋಗಿಲ್ಲ ಇದು!”

ಆ ಗೋಲು ಆದದ್ದು ಪೂರ್ತಿ ನನ್ನದೇ ತಪ್ಪು. ಅದೊಂದರ ಬಗ್ಗೆ ಮಾತ್ರ ನಾನು ವಾದಿಸಲಿಲ್ಲ.