ಮಡಿಕೇರಿಯ ಮೋಡ, ಮೀನಿನವನ ಹಾರ್ನ್

ಗೆಳೆಯರೇ, ಇವತ್ತು ಬೆಳಗ್ಗೆ ಮಂಜೇಶ್ವರದ ನಮ್ಮ ಜಗಲಿಯಲ್ಲಿ ಬೆವರುತ್ತಾ ಕುಳಿತು ನಾನು ಮಡಿಕೇರಿಯ ಮಂಜಿನಲ್ಲಿ ನಡೆಯುತ್ತಿದ್ದೆ. ಈ ಬೇಸಿಗೆಯಲ್ಲೂ ನಮ್ಮ ಬಾವಿ ನೀರು ಉಪ್ಪಾಗಿದೆ. ಮಡಿಕೇರಿಗೆ ಹೊರಟಿರುವುದು ಹೆಸರಿಗೆ ರಜೆಯ ಪ್ರವಾಸ. ಅಲ್ಲೊಂದು ಪುಟ್ಟ ಮನೆ ಸಿಕ್ಕರೆ ಇಲ್ಲಿಂದ ಗಂಟುಮೂಟೆ ಕಟ್ಟುವುದೆಂದು ನಾನೂ ಹೆಂಡತಿ ಐರಿನ್ನೂ ಮಾತಾಡಿಕೊಂಡಿದ್ದೇವೆ.

ಅಲ್ಲಿ ಹೋಂಸ್ಟೇ ನಡೆಸುವ ಹೆಂಗಸಿಗೆ ಫೋನ್ ಮಾಡಿದೆ. "ಬೆಳಗ್ಗೆ ಕಿಟಕಿ ತೆಗೆದ್ರೆ ಮೋಡ ಒಳಗೇ ಬರ್ತದೆ" ಎಂದರು. ನಾನು ಮನಸ್ಸಿನಲ್ಲೇ ಆ ಮೋಡಕ್ಕೊಂದು ಕುರ್ಚಿ ಹಾಕುವಷ್ಟರಲ್ಲಿ ಗೇಟಿನ ಹೊರಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸಿತು.

"ಓಯ್, ಪಾತ್ರೆ ಹಿಡ್ಕೊಂಡು ಓಡಿ, ಅವ ಹೋಗ್ತಾನೆ!" ಐರಿನ್ ಅಡುಗೆಮನೆಯಿಂದ ಕೂಗಿದಳು.

ಫೋನನ್ನು ಜಗಲಿಯಲ್ಲೇ ಬಿಟ್ಟು ಓಡಿದೆ. ಬೆಕ್ಕು ನನಗಿಂತ ಮೊದಲೇ ತಲುಪಿತ್ತು.

ವಾಪಸ್ ಬಂದರೆ ಫೋನ್ ಇನ್ನೂ ಕಟ್ ಆಗಿರಲಿಲ್ಲ. "ಎಂತ ಮೀನು ಸಿಕ್ಕಿತು?" ಎಂದು ಕೇಳಿದರು ಆ ಹೆಂಗಸು.

"ಬಂಗುಡೆ."

ಅವರು ಮೆಲ್ಲಗೆ, "ನನ್ನ ತವರು ನಿಮ್ಮ ಹತ್ತಿರದ ಕುಂಬಳೆ ಮಾರಾಯ್ರೆ. ಆ ಹಾರ್ನ್ ಕೇಳದೆ ಎಷ್ಟು ವರ್ಷ ಆಯ್ತು! ಫೋನ್ ಒಂದು ಚೂರು ಹೊರಗೆ ಹಿಡೀರಿ" ಎಂದರು.

ಹಿಡಿದೆ. ಸ್ಕೂಟರ್ ರೈಲ್ವೆ ಗೇಟಿನ ಕಡೆ ಹೋಗುತ್ತಿತ್ತು. ಹಾರ್ನ್ ದೂರದಲ್ಲಿ ಕರಗಿಹೋಗುವವರೆಗೆ ಫೋನನ್ನು ಹಾಗೇ ಹಿಡಿದುಕೊಂಡಿದ್ದೆ.

ರೂಮೇನೋ ಬುಕ್ ಆಗಿದೆ. ಬರುವಾಗ ಒಣಮೀನು ತರಬೇಕಂತೆ. ಅಲ್ಲಿ ಮಾರಾಟಕ್ಕೆ ಮನೆ ಇದೆಯೇ ಎಂದು ಕೇಳಲು ನಾನು ಮರೆತೆ. ಬಂಗುಡೆ ತೊಳೆಯುತ್ತಿದ್ದ ಐರಿನ್ ಕೂಡ ನೆನಪಿಸಲಿಲ್ಲ. ನಮ್ಮ ಬಾವಿಯ ಉಪ್ಪುನೀರಲ್ಲಿ ತೊಳೆದರೆ ಮೀನಿಗೆ ಬೇರೆಯೇ ರುಚಿ ಎಂಬುದು ಅವಳ ಇಂದಿನ ಸಂಶೋಧನೆ.