ಆಕಿ ಅಂದರೆ ಅಜ್ಜಿ

ಆ ಸಂಜೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊರಗೆ ಕಿವಿ ಕಿತ್ತುಹೋಗುವಂಥ ಚಳಿ. ಬೆಲ್‌ರೋಸ್‌ನ ಆ ಪುಟ್ಟ ಹೋಟೆಲಿನ ಒಳಗೆ ಮಾತ್ರ ಸಾರಿನ ಹಬೆಗೆ ಗಾಜೆಲ್ಲ ಮಂಜಾಗಿತ್ತು. ಮೂಲೆಯ ಟೇಬಲ್ಲು, ಒಂದು ಕುರ್ಚಿಯ ತುಂಬ ಎಲ್ಲರ ಜಾಕೆಟ್ಟುಗಳು. ನಾನು, ನನ್ನ ಗಂಡ, ಏಳು ವರ್ಷದ ಮಗಳು. ಎದುರಿಗೆ ಓಲ್ಡ್ ಬ್ರಿಡ್ಜ್ ಎಂಬ ಊರಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಗೆಳತಿ ಮತ್ತು ಅವಳ ಗಂಡ. ಅವರಿಬ್ಬರೂ ಮೈಸೂರಿನವರು. ಅವಳ ಗಂಡ ಭಾನುವಾರ ಈ ಪರದೇಶದಲ್ಲಿ ಹುಟ್ಟಿದ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ನನ್ನವನು ಬೆಂಗಳೂರಿನವನು. ಧಾರವಾಡದವಳು ನಾನೊಬ್ಬಳೇ.

ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳ ಬಾಯಿ ಬಿಡಿಸಿದವಳು ನನ್ನ ಅವ್ವ. ಅವ್ವನಿಗೆ ಇಂಗ್ಲಿಷ್ ಬಾರದು. ಆ ಚಳಿಗಾಲ ಶುರುವಾದಾಗಿನಿಂದ ದಿನಾ ಫೋನಿನಲ್ಲಿ ಹಾಡು, ಕತೆ, ಒಂದೆರಡು ಬೈಗುಳ ಎಲ್ಲ ಹೇಳಿಕೊಟ್ಟು, ಅಂತೂ ಅಜ್ಜಿ ಮೊಮ್ಮಗಳ ನಡುವೆ ಮಾತು ಹುಟ್ಟಿತ್ತು. ಆದರೆ ಮನೆಯ ಹೊರಗೆ ಮಗಳು ಒಂದು ಕನ್ನಡ ಪದವನ್ನೂ ಆಡಿರಲಿಲ್ಲ.

ಅವತ್ತು ಆಡಿದಳು. ದೋಸೆ ಮುರಿಯುತ್ತ, ಯಾರೂ ಕೇಳದೆ, ತಾನಾಗಿ.

"ಅಂಕಲ್, ನಮ್ಮ ಅಜ್ಜಿ ದಿನಾ ಫೋನ್ ಮಾಡ್ತಾಳ. ಆಕಿ ನಂಗ ಹಾಡ ಕಲಿಸ್ಯಾಳ."

ಗೆಳತಿಯ ಗಂಡ ಚಮಚ ಕೆಳಗಿಟ್ಟರು.

"ಮಾಡ್ತಾಳ? ಆಕಿ? ಅಯ್ಯಯ್ಯೋ, ದೊಡ್ಡೋರಿಗೆ ಹಾಗೆಲ್ಲ ಅನ್ನಬಾರದು ಪುಟ್ಟಿ. ‘ಅವರು ಫೋನ್ ಮಾಡ್ತಾರೆ’ ಅನ್ನು. ಎಲ್ಲಿ, ಹೇಳು?"

ಗೆಳತಿ ಫೋನ್ ಎತ್ತಿ ಹಿಡಿದಳು. "ಸೋ ಕ್ಯೂಟ್ ಕಣೇ! ಹಂಗೇ ಇನ್ನೊಂದ್ಸಲ ಹೇಳು ಚಿನ್ನ, ರೆಕಾರ್ಡ್ ಮಾಡ್ಕೋತೀನಿ."

ಇಬ್ಬರೂ ನಕ್ಕರು. ಅವರು ನಗಲಿ, ಬಿಡಿ. ನನ್ನ ಗಂಡ, ಆ ಮಹಾಶಯನೂ ನಕ್ಕ!

"ಐ ಡೋಂಟ್ ವಾಂಟ್ ಟು" ಅಂದಳು ಮಗಳು. ಜಾಕೆಟ್ ಕೇಳಿ ಹಾಕಿಕೊಂಡು, ಅಷ್ಟು ಬೆಚ್ಚಗಿದ್ದ ಹೋಟೆಲಿನಲ್ಲಿ ಕತ್ತಿನವರೆಗೂ ಜಿಪ್ ಎಳೆದುಕೊಂಡು ಕೂತಳು.

ಪಿತ್ತ ನೆತ್ತಿಗೇರಿತು ನನಗೆ. ವರ್ಷಗಟ್ಟಲೆ ಇವರ ಜೊತೆ ಇವರದೇ ಕನ್ನಡ ಮಾತಾಡಿ ನಾಲಿಗೆಗೆ ಇಸ್ತ್ರಿ ಹಾಕಿಕೊಂಡವಳು ನಾನು. ಅವತ್ತು ಇಸ್ತ್ರಿಗಿಸ್ತ್ರಿ ಎಲ್ಲ ಹಾರಿಹೋಯಿತು.

"ನಮ್ಮ ಕಡೆ ಅವ್ವಗೂ ಆಕಿ ಅಂತೀವ್ರಿ, ಅಜ್ಜಿಗೂ ಆಕಿ ಅಂತೀವಿ. ಬಹುವಚನ ಹಚ್ಚಿದ್ರಷ್ಟ ಗೌರವ ಏನ್ರಿ? ನೀವು ದೇವರಿಗೆ ‘ಕಾಪಾಡಪ್ಪಾ’ ಅಂತೀರೋ, ‘ಕಾಪಾಡಿ ಸಾರ್’ ಅಂತೀರೋ?"

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ನೋಡಲಿ!

"ಅಯ್ಯೋ, ತಮಾಷೆಗೆ ಅಂದಿದ್ದು ಕಣ್ರೀ. ಇಷ್ಟಕ್ಕೆಲ್ಲ ಸೀರಿಯಸ್ ಆಗ್ತೀರಲ್ಲ" ಅಂದರು ಅವರು.

"ತಮಾಷೆ ನಿಮಗಾತು. ಮಾತಾಡೋ ಕೂಸು ಬಾಯಿ ಮುಚ್ಚಿ ಕೂತದ, ನೋಡ್ರಿ."

ಮೇಜಿನ ಕೆಳಗೆ ಗಂಡ ನನ್ನ ಕಾಲು ಒತ್ತಿದ. ನಾನೂ ಒತ್ತಿದೆ, ಬೂಟಿನ ಹಿಮ್ಮಡಿಯಲ್ಲಿ. ಆಮೇಲೆ ಕಾಫಿ ಬಂತು, ಕುಡಿದು ಎದ್ದೆವು.

ಕಾರಿನ ಹೀಟರ್ ಬಿಸಿಯಾಗುವ ಮೊದಲೇ ಅವ್ವನ ಫೋನ್. ಧಾರವಾಡದಲ್ಲಿ ಬೆಳಗಾಗಿತ್ತು. ಸ್ಪೀಕರಿಗೆ ಹಾಕಿ ಮಗಳ ಕೈಗೆ ಕೊಟ್ಟೆ.

"ಊಟ ಆತೇನ ನನ್ನ ಬಂಗಾರಾ? ಏನ್ ತಿಂದಿ?"

ಮಗಳು ನನ್ನ ಮುಖ ನೋಡಿದಳು. ಸ್ಟಿಯರಿಂಗ್ ಹಿಡಿದಿದ್ದ ಅಪ್ಪನ ಬೆನ್ನು ನೋಡಿದಳು.

"ಐಯಾಮ್ ಫುಲ್, ಅಜ್ಜಿ. ಐ ವಾಂಟ್ ಟು ಸ್ಲೀಪ್ ನೌ."

ಅವ್ವ ನನ್ನನ್ನು ಕೇಳಿದಳು:

"ಏನಂದ್ಲ ಇಕಿ?"