ಅಡ್ಡಗೆರೆ ಬೀಳದ ಹನ್ನೊಂದು

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವನು ಸಿಲಿಂಡರಣ್ಣ. ಇಪ್ಪತ್ತೆರಡು ವರ್ಷ ಆಕ್ಸಿಜನ್ ಸಿಲಿಂಡರ್ ಉರುಳಿಸಿ ಉರುಳಿಸಿ ನಡಿಗೆಯೇ ಒಂದು ಕಡೆಗೆ ವಾಲಿತ್ತು. ಅಕ್ಷರಕ್ಕೂ ಅವನಿಗೂ ಅಷ್ಟಕ್ಕಷ್ಟೇ. ಅವನ ಪುಸ್ತಕವೆಲ್ಲ ಆಸ್ಪತ್ರೆಯಲ್ಲಿ ಅವನು ಕೂರುವ ಕೋಣೆಯ ಗೋಡೆ, ಲೇಖನಿ ಇದ್ದಿಲು. ವಾರ್ಡಿನಿಂದ ಸಿಲಿಂಡರಿಗೆ ಕೂಗು ಬಂದರೆ ಒಂದು ಉದ್ದಗೆರೆ, ಮುಟ್ಟಿಸಿ ಬಂದರೆ ಅದರ ಮೇಲೊಂದು ಅಡ್ಡಗೆರೆ. ಮಹಾಮಾರಿಯ ವರ್ಷದ ಗೆರೆಗಳಲ್ಲಿ ಹನ್ನೊಂದಕ್ಕೆ ಅಡ್ಡಗೆರೆ ಬಿದ್ದಿರಲಿಲ್ಲ. ಹನ್ನೊಂದು ಜೀವ.

ಆ ವರ್ಷವನ್ನು ತೂಗಿ ನೋಡಿ, ಮುಂದಿನ ಪಿಡುಗಿಗೆ ನೀತಿ ಬರೆಯುವ ಸಮಿತಿ ಮರುದಿನ ಬರುವುದಿತ್ತು. ವರದಿ ಆಗಲೇ ಸಿದ್ಧವಾಗಿತ್ತೆನ್ನಿ, ನೋಡುವುದೊಂದು ಬಾಕಿ. "ಆಮ್ಲಜನಕ ಒಂದು ಗಳಿಗೆಯೂ ತಪ್ಪಲಿಲ್ಲ" ಎಂದು ಬರೆದುಕೊಟ್ಟಿದ್ದ ಮೇಲ್ವಿಚಾರಕರು ಸುಣ್ಣ ಬಳಿಯುವವನೊಡನೆ ಬಂದರು. ಆ ಹನ್ನೊಂದು ಕೂಗು ಬಂದಾಗ ಸಿಲಿಂಡರ್ ಉಗ್ರಾಣದ ಬೀಗದ ಕೈ ಇದ್ದದ್ದು ಅವರ ಮೇಜಿನ ಡ್ರಾಯರಿನಲ್ಲಿ. ಅವರು ಇದ್ದದ್ದು ಮನೆಯಲ್ಲಿ.

ಸಿಲಿಂಡರಣ್ಣ ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತ.

"ಏಳಯ್ಯ, ಗೋಡೆ ಏನು ನಿಮ್ಮಪ್ಪಂದಾ?"

"ಗೋಡೆ ನಿಮ್ದೇ ಸಾರ್. ಗೆರೆ ನಂದು."

"ಮೆಮೊ ಕೊಡ್ತೀನಿ ನೋಡು!"

"ಧಾರಾಳವಾಗಿ ಕೊಡಿ. ಆದ್ರೆ ಯಾವ ಗೆರೆ ಅಳಿಸೋಕೆ ಬಿಡ್ಲಿಲ್ಲ ಅಂತ ಬಿಡಿಸಿ ಬರೀರಿ. ಫೈಲಿಗೆ ಹೋಗ್ಲಿ."

ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದರು. ಯೋಚಿಸಿ ಮತ್ತೆ ಹಾಕಿದರು. ಅವರ ಸೇವಾವಧಿಯಲ್ಲಿ ಆ ಪೆನ್ನು ಬರೆಯದೆ ಬಾಯಿ ಮುಚ್ಚಿದ್ದು ಅದೇ ಮೊದಲು.

ಸುಣ್ಣದವನು ಗೋಡೆಯನ್ನೇ ನೋಡುತ್ತಿದ್ದ. "ಅಣ್ಣಾ, ನಮ್ಮಮ್ಮ ಇದ್ರಲ್ಲಿ ಇದ್ದಾಳಾ?"

"ಕಿಟಕಿ ಕಡೆಯಿಂದ ನಾಲ್ಕನೇದು."

ಅವನು ಬ್ರಷ್ಷನ್ನು ಬಕೆಟ್ಟಿನಲ್ಲೇ ಬಿಟ್ಟು ಹೊರಟ. "ಈ ಗೋಡೆಗೆ ಸುಣ್ಣ ಹಿಡಿಯಲ್ಲ ಸಾರ್."

ಮರುದಿನ ಸಮಿತಿಯ ಅಧ್ಯಕ್ಷೆ ಗೋಡೆಯ ಮುಂದೆ ನಿಂತರು. "ಯಾರೋ ಮಕ್ಕಳು ಗೀಚಿದ್ದು ಮೇಡಂ," ಎಂದರು ಮೇಲ್ವಿಚಾರಕರು.

"ಮಕ್ಕಳಲ್ಲಮ್ಮ, ನಾನೇ," ಎಂದು ಸಿಲಿಂಡರಣ್ಣ ಒಂದೊಂದೇ ಗೆರೆಯ ಕಥೆ ಹೇಳಿದ. ಕೊನೆಗೆ, "ನೀತಿ ಗೀತಿ ನಂಗೊತ್ತಿಲ್ಲ. ಉಗ್ರಾಣದ ಬೀಗದ ಕೈ ನನ್ ಸೊಂಟದಲ್ಲಿರ್ಬೇಕು. ಅಷ್ಟು ಬರ್ಕೊಳ್ಳಿ," ಎಂದ.

ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು, "ಪರಿಶೀಲಿಸ್ತೀವಿ," ಎಂದರು.

ಸಿಲಿಂಡರಣ್ಣ ಇದ್ದಿಲು ತೆಗೆದು, ಎಲ್ಲರ ಕಣ್ಣೆದುರೇ ಅಡ್ಡಗೆರೆಯಿಲ್ಲದ ಹನ್ನೆರಡನೆಯ ಉದ್ದಗೆರೆ ಎಳೆದ.

"ಇದೇನಪ್ಪಾ?" ಎಂದರು ಅಧ್ಯಕ್ಷೆ.

"ಬೀಗದ ಕೈ ಕೇಳಿದ್ದೀನಿ. ಕೈಗೆ ಬಂದ್ಮೇಲೆ ಅಡ್ಡಗೆರೆ ಹಾಕ್ತೀನಿ."